ಹಾಲಗೊಂಡಿಯ ಬಸಿನೀರು

ಸೋರುವ ಅಣೆಕಟ್ಟನ್ನು ಹೊರಗಿನಿಂದ ಮುಚ್ಚುವ ಬದಲು, ಕಣ್ಣಿಗೆ ಕಾಣದ ಜೀವಿಗಳನ್ನೇ ಅದರೊಳಗೆ ಬಿಟ್ಟರೆ? ನೀರು ಎಲ್ಲಿ ಜೋರಾಗಿ ನುಗ್ಗುತ್ತಿದೆಯೋ ಆ ಸಂದನ್ನು ತಾವೇ ಹುಡುಕಿಕೊಂಡು ಹೋಗಿ, ಅಲ್ಲಿ ಕಲ್ಲು ಕಟ್ಟಿ, ಅಲ್ಲೇ ಸಾಯುವಂಥ ಜೀವಿಗಳು ಸಿಕ್ಕರೆ?

ಡಾಕ್ಟರ್ ಕಸ್ತೂರಿ ಬಡಿಗೇರ ಈ ಪ್ರಶ್ನೆಯ ಬೆನ್ನು ಹತ್ತಿ ಪ್ರಾಯವನ್ನೆಲ್ಲ ಒಂದು ಸರಕಾರಿ ಸಂಶೋಧನಾಲಯದಲ್ಲಿ ಕಳೆದಿದ್ದಳು. ಯೂರಿಯಾವನ್ನು ಒಡೆದು ಸುಣ್ಣದ ಹರಳು ಕಟ್ಟುವ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿ ಮೊದಲಿನಿಂದಲೂ ಇವೆ. ಅವುಗಳಲ್ಲಿ ಹರಿವಿನ ಕಡೆಗೆ ಈಜುವ ಗುಣವಿದ್ದವನ್ನಷ್ಟೇ ಆರಿಸಿ, ಬೆಳೆಸಿ, ಮತ್ತೆ ಆರಿಸಿ ಅವಳೊಂದು ಹೊಸ ತಳಿ ತೆಗೆದಳು. ಮರಳು ತುಂಬಿದ ಗಾಜಿನ ಕೊಳವೆಗೆ ಅದನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಕೊಳವೆಯ ನೀರು ನಿಲ್ಲುತ್ತಿತ್ತು. ಒಡೆದು ನೋಡಿದರೆ ಒಳಗೆ ಮರಳಿರುತ್ತಿರಲಿಲ್ಲ, ಕಲ್ಲಿರುತ್ತಿತ್ತು. ಪ್ರಯೋಗಾಲಯದಲ್ಲಿ ಯಾರೋ ತಮಾಷೆಗೆ ಅದನ್ನು ಗಾರೆಹುಳ ಎಂದು ಕರೆದರು. ಅದೇ ಹೆಸರು ನಿಂತಿತು.

ಆ ವೇಳೆಗೆ ನಾಡಿನ ಸಣ್ಣ ಮಣ್ಣಿನ ಅಣೆಕಟ್ಟುಗಳೆಲ್ಲ ಮುದಿಯಾಗಿದ್ದವು. ಮುತ್ತಜ್ಜಂದಿರ ಕಾಲದಲ್ಲಿ ಬುಟ್ಟಿಯಲ್ಲಿ ಮಣ್ಣು ಹೊತ್ತು, ದನಗಳ ಕಾಲಿನಿಂದ ತುಳಿಸಿ ಎಬ್ಬಿಸಿದ ಏರಿಗಳು ಅವು. ಪ್ರತಿ ಮಳೆಗಾಲದಲ್ಲಿ ಎಲ್ಲಾದರೂ ಒಂದು ಒಡೆಯುತ್ತಿತ್ತು. ಎಲ್ಲವನ್ನೂ ಕೆಡವಿ ಹೊಸದಾಗಿ ಕಟ್ಟುವ ಶಕ್ತಿ ಸರಕಾರಕ್ಕಿರಲಿಲ್ಲ. ಗಾರೆಹುಳ ಅಗ್ಗವಾಗಿತ್ತು. ಮೊದಲ ಪ್ರಯೋಗಕ್ಕೆ ಹಾಲಗೊಂಡಿಯ ಅಣೆಕಟ್ಟನ್ನು ಆರಿಸಿದರು.

ಹಾಲಗೊಂಡಿ ಒಣಗುಡ್ಡಗಳ ನಡುವಿನ ಊರು. ಮಳೆ ಕಡಿಮೆ, ಬಿಸಿಲು ಹೆಚ್ಚು. ಆದರೂ ಏರಿಗೂ ಊರಿಗೂ ನಡುವೆ ಎಲೆಬಳ್ಳಿಯ ತೋಟಗಳು ಸದಾ ಹಸಿರಾಗಿದ್ದವು. ಏರಿಯ ಬುಡದುದ್ದಕ್ಕೂ ಹಳಬರು ಗುಂಡುಕಲ್ಲು, ಗರಸು ತುಂಬಿ ಒಂದು ಬಸಿಗಾಲುವೆ ಮಾಡಿದ್ದರು. ಕೆರೆಯಿಂದ ಏರಿಯ ಮಣ್ಣಿನೊಳಗೆ ಹೊಕ್ಕ ನೀರು ಆ ಕಲ್ಲುಗಳ ಸಂದಿಯಿಂದ ಸೋಸಿಕೊಂಡು ಹೊರಗೆ ಬರುತ್ತಿತ್ತು. ತೋಟಗಳು, ಊರಿನ ಬಾವಿಗಳು ಎಲ್ಲವೂ ಆ ಬಸಿನೀರನ್ನೇ ನಂಬಿದ್ದವು.

ಕಸ್ತೂರಿ ಇಳಿದುಕೊಳ್ಳಲು ಊರಲ್ಲಿ ಸಿಕ್ಕಿದ್ದು ರಾಜೇಸಾಬ ನದಾಫನ ಮನೆಯ ಹೊರಗಿನ ಖೋಲಿ. ಏರಿಗೆ ಎಲ್ಲಕ್ಕಿಂತ ಹತ್ತಿರದ ತೋಟ ಅವನದು. ಮಗಳನ್ನು ಮದುವೆ ಮಾಡಿ ಕೊಟ್ಟ ಮೇಲೆ ಮನೆಯಲ್ಲಿ ಅವನೂ ಹೆಂಡತಿ ದಾವಲಬಿಯೂ ಇಬ್ಬರೇ. ರಾಜೇಸಾಬ ಮಾತು ಕಡಿಮೆಯವನು, ನಗು ಹೆಚ್ಚಿನವನು. ಬಳ್ಳಿ ಕಟ್ಟುವಾಗ ತನ್ನಷ್ಟಕ್ಕೆ ತಾನೇ ಏನೋ ಗುನುಗುತ್ತಿದ್ದ. ದಾವಲಬಿಗೆ ಎಲ್ಲವನ್ನೂ ಬಿಚ್ಚಿ ಕೇಳಬೇಕು.

"ನಿಮ್ಮ ಹುಳ ಏನ ಮಾಡತಾವ್ರಿ ಅಕ್ಕಾರ?" ಎಂದು ಮೊದಲ ದಿನವೇ ರೊಟ್ಟಿ ಬಡಿಯುತ್ತ ಕೇಳಿದಳು.

"ಸೋರೂ ತೂತು ಮುಚ್ಚತಾವ ವೈನಿ. ಏರಿ ಗಟ್ಟಿ ಆಗತೈತಿ. ನೀವು ಮಳಿಗಾಲದಾಗ ಹೆದರೂದು ತಪ್ಪತೈತಿ."

"ಪೂರಾ ಮುಚ್ಚತಾವೇನು?" ಬಾಗಿಲಲ್ಲಿ ಕುಳಿತಿದ್ದ ರಾಜೇಸಾಬ ಕೇಳಿದ. "ಸೋರೂದು ನಿಂತ್ರ ತ್ವಾಟದ ಗತಿ ಏನ್ರಿ?"

"ಇಲ್ಲ ಅಣ್ಣಾರ. ಏರಿ ನಡುವ ನೀರು ಜೋರ್ ಹೊಂಟದ್ದಷ್ಟ ನಿಲ್ಲತೈತಿ. ನಾವು ಹಾಕೂ ಯೂರಿಯಾ ಮುಗೀತಂದ್ರ ಹುಳ ಸಾಯತಾವ. ನಿಮ್ಮ ಕಾಲುವಿಗೆ ಬೇಕಾದಷ್ಟು ನೀರು ಬರತೈತಿ."

ಅವಳು ಸುಳ್ಳು ಹೇಳಿರಲಿಲ್ಲ. ಗಾಜಿನ ಕೊಳವೆಗಳಲ್ಲಿ ಹಾಗೆಯೇ ಆಗಿತ್ತು.

ಚಳಿಗಾಲದಲ್ಲಿ ಕೆಲಸ ನಡೆಯಿತು. ಏರಿಯ ನೆತ್ತಿಯಿಂದ ಸಾಲಾಗಿ ರಂಧ್ರ ಕೊರೆದು, ಹುಳವನ್ನೂ ಅದರ ಆಹಾರವನ್ನೂ ಪಂಪಿನಿಂದ ಒಳಗೆ ಬಿಟ್ಟರು. ಏರಿಯ ಹೊಟ್ಟೆಯಲ್ಲಿ ನೀರಿನ ಮಟ್ಟ ಎಷ್ಟಿದೆ ಎಂದು ತಿಳಿಯಲು ಒತ್ತಡದ ಕೊಳವೆಗಳನ್ನು ಇಳಿಬಿಟ್ಟರು. ತೂಬಿನ ಪಕ್ಕದ ತಗಡಿನ ಕೋಣೆಯಲ್ಲಿ ಒಂದು ಪರದೆ ಕೂರಿಸಿದರು. ಏರಿಯನ್ನು ಅಡ್ಡಲಾಗಿ ಸೀಳಿ ನೋಡಿದರೆ ಹೇಗೆ ಕಾಣುವುದೋ ಹಾಗೆ ಅದರ ಚಿತ್ರ ಆ ಪರದೆಯ ಮೇಲಿತ್ತು. ನೆನೆದ ಮಣ್ಣು ನೀಲಿ, ಒಣ ಮಣ್ಣು ಕಂದು.

ಆ ಕೋಣೆಯ ಜವಾಬ್ದಾರಿ ಅಣೆಕಟ್ಟಿನ ಎಂಜಿನಿಯರ್ ಶಿವಯೋಗಿ ಹಾದಿಮನಿಯದು. ನಿವೃತ್ತಿಗೆ ಹತ್ತಿರವಾದ, ಯಾವುದಕ್ಕೂ ತಕ್ಷಣ ಹೂಂ ಅನ್ನದ ಮನುಷ್ಯ. ಸಂಕ್ರಾಂತಿಯ ಹೊತ್ತಿಗೆ ನೀಲಿ ಬಣ್ಣ ಏರಿಯ ಹಿಂಬದಿಯಿಂದ ಸರಿದು ಕೆರೆಯ ಕಡೆಗೆ ಹೋಗಿತ್ತು. ಸೋರಿಕೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಶಿವಯೋಗಿ ಪರದೆಯ ಮುಂದೆ ಬಹಳ ಹೊತ್ತು ನಿಂತು, "ನಾ ಬಂದಾಗಿಂದ ಈ ಡ್ಯಾಮು ಇಷ್ಟು ಆರಾಮ ಇದ್ದದ್ದು ನೋಡಿದ್ದಿಲ್ಲ," ಎಂದ.

ಸಂಶೋಧನಾಲಯದ ನಿರ್ದೇಶಕ ಮಾಧವ ಗಲಗಲಿ ಮಂತ್ರಿಯೊಬ್ಬರನ್ನು ಕರೆತಂದು ತೋರಿಸಿದರು. ಇನ್ನೂ ನಲವತ್ತು ಅಣೆಕಟ್ಟುಗಳಿಗೆ ಗಾರೆಹುಳ ಬಿಡುವ ಮಾತಾಯಿತು. ಆ ದಿನ ದಾವಲಬಿ ಕಸ್ತೂರಿಗೆಂದು ಗೋದಿ, ಬೆಲ್ಲದ ಮಾದಲಿ ಮಾಡಿದ್ದಳು.

ಬೇಸಿಗೆಯಲ್ಲಿ ಬಸಿಗಾಲುವೆಯ ನೀರು ಕೈಬೆರಳಿನಷ್ಟು ದಪ್ಪಕ್ಕೆ ಇಳಿಯಿತು. ಬೇಸಿಗೆಯೆಂದರೆ ಸ್ವಲ್ಪ ಇಳಿಯುವುದೇ ಎಂದು ಊರವರು ಸುಮ್ಮನಿದ್ದರು. ಆಮೇಲೆ ಅದು ದಾರದಷ್ಟಾಯಿತು. ಒಂದು ಬೆಳಿಗ್ಗೆ ಕಲ್ಲುಗಳು ಒದ್ದೆಯಾಗಿದ್ದವು ಅಷ್ಟೇ, ನೀರು ಹರಿಯುತ್ತಿರಲಿಲ್ಲ. ಕೆರೆಯಲ್ಲಿ ಮಾತ್ರ ನೀರಿತ್ತು. ಏರಿಯ ಈಚೆ ಬಾವಿಗಳು ಒಂದೊಂದಾಗಿ ತಳ ಕಂಡವು.

ಹೆಂಗಸರು ಏರಿ ಹತ್ತಿ ಆಚೆ ಇಳಿದು ಕೆರೆಯಿಂದ ಕೊಡ ತುಂಬಿ ತರಲು ಶುರು ಮಾಡಿದರು. ಕುಡಿಯಲು ಅಷ್ಟು ಸಾಕಾಗುತ್ತಿತ್ತು. ತೋಟಕ್ಕೆ ಹೊತ್ತು ಹಾಕುವುದೆಲ್ಲಿ? ಎಲೆಬಳ್ಳಿ ನೀರಿನ ಬಳ್ಳಿ. ಬುಡ ಒಂದು ದಿನ ಆರಿದರೆ ಎಲೆ ಮುದುಡುತ್ತದೆ, ವಾರ ಆರಿದರೆ ಬಳ್ಳಿಯೇ ಕಪ್ಪಾಗುತ್ತದೆ. ರಾಜೇಸಾಬ ಬೆಳಗಿನಿಂದ ಬೈಗಿನವರೆಗೆ ಹೆಗಲ ಮೇಲೆ ನೀರು ಹೊತ್ತು, ಅರ್ಧ ತೋಟವನ್ನು ಸಾಯಲು ಬಿಟ್ಟು ಇನ್ನರ್ಧವನ್ನು ಉಳಿಸಿಕೊಂಡ. ಅವನ ಗುನುಗು ನಿಂತಿದ್ದನ್ನು ಕಸ್ತೂರಿ ಖೋಲಿಯಲ್ಲಿ ಕುಳಿತೇ ಗಮನಿಸಿದಳು. ಅಕ್ಕಪಕ್ಕದ ನಾಲ್ಕು ಮನೆಯವರು ಬೀಗ ಹಾಕಿ ಕಬ್ಬಿನ ಸೀಮೆಗೆ ಕೂಲಿಗೆ ಹೋದರು. ಯಾರೂ ಅವಳಿಗೆ ಕೆಟ್ಟ ಮಾತಾಡಲಿಲ್ಲ. ಆದರೆ ಅವಳು ದಾರಿಯಲ್ಲಿ ಹೋಗುವಾಗ ಮೊದಲಿನಂತೆ, "ಊಟ ಆತೇನ್ರಿ?" ಎಂದು ಕೇಳುವುದನ್ನು ಬಿಟ್ಟರು.

ದಾವಲಬಿ ಒಂದು ದಿನ ಬಾವಿಯ ತಳದಿಂದ ಬಳಿದು ತಂದ ನೀರನ್ನು ಅವಳ ಮೂಗಿನ ಹತ್ತಿರ ಹಿಡಿದಳು. "ಗಂಜಳದ ನಾತ ಹೊಡ್ಯಾಕತ್ತೈತಿ. ಇದ್ಯಾಕ್ರಿ ಅಕ್ಕಾರ?"

ಅದು ಅಮೋನಿಯಾದ ವಾಸನೆ. ಯೂರಿಯಾ ಒಡೆದಾಗ ಬರುವಂಥದ್ದು. ಅವರು ಹಾಕಿದ ಯೂರಿಯಾ ಮುಗಿದು ತಿಂಗಳುಗಳೇ ಆಗಿದ್ದವು. ಹುಳ ಸತ್ತಿರಬೇಕಿತ್ತು.

ಅವಳು ಏರಿಯ ಬುಡದ ಗರಸು, ಬಾವಿಯ ನೀರು, ಕೆರೆಯ ನೀರು ಎಲ್ಲವನ್ನೂ ಬಾಟಲಿಯಲ್ಲಿ ತುಂಬಿಕೊಂಡು ಪ್ರಯೋಗಾಲಯಕ್ಕೆ ಹೋದಳು. ಸೂಕ್ಷ್ಮದರ್ಶಕದ ಕೆಳಗೆ ಹುಳಗಳು ಬದುಕಿದ್ದವು, ಬರೀ ಬದುಕಿರಲಿಲ್ಲ, ಸಂತತಿ ಹೆಚ್ಚಿಸಿಕೊಂಡಿದ್ದವು. ಕಾರಣ ಕೆರೆಯ ನೀರಿನಲ್ಲಿತ್ತು. ಮೇಲಿನ ಹೊಲಗಳಿಗೆ ರೈತರು ಹಾಕಿದ ಯೂರಿಯಾ ತೊಳೆದುಕೊಂಡು ಬಂದು ಕೆರೆ ಸೇರುತ್ತಿತ್ತು. ಅದು ಬಹಳ ತೆಳು, ಗಾಜಿನ ಕೊಳವೆಯಲ್ಲಿ ಅಷ್ಟು ತೆಳುವಿನಲ್ಲಿ ಯಾವ ಹುಳವೂ ಬದುಕಿರಲಿಲ್ಲ. ಏರಿಯ ಕತ್ತಲೆಯಲ್ಲಿ ಎಷ್ಟೋ ತಲೆಮಾರು ಕಳೆದು ಅವು ಅಷ್ಟರಲ್ಲೇ ಬದುಕುವುದನ್ನು ಕಲಿತಿದ್ದವು. ಹರಿವಿನ ಕಡೆಗೆ ಹೋಗುವುದು ಅವುಗಳ ಗುಣ. ಏರಿಯ ನಡುವಿನ ಹರಿವು ನಿಂತ ಮೇಲೆ ಉಳಿದ ಹರಿವು ಬಸಿಗಾಲುವೆ ಒಂದೇ. ಅವು ಅಲ್ಲಿಗೆ ಹೋಗಿ ಕಲ್ಲು ಕಟ್ಟುತ್ತಿದ್ದವು.

"ಬಸಿಗಾಲುವೆ ಮುಚ್ಚಿದರೆ ಏರಿಯೊಳಗಿನ ನೀರು ಎಲ್ಲಿಗೆ ಹೋಗಬೇಕು ಸರ್?" ಎಂದು ಅವಳು ಗಲಗಲಿಯವರನ್ನು ಕೇಳಿದಳು. "ಮಣ್ಣಿನ ಏರಿ ಸ್ವಲ್ಪ ಸೋರಲೇಬೇಕು. ಇಲ್ಲದಿದ್ದರೆ ಒಳಗೇ ನೀರು ಏರುತ್ತದೆ, ಹಿಂಬದಿಯ ಮಣ್ಣು ನೆನೆದು ಜರಿಯುತ್ತದೆ. ನಾವು ಬಿರುಕು ಮುಚ್ಚಿದ್ದೇವೆ, ಜೊತೆಗೆ ಅದರ ಬಾಯಿಯನ್ನೂ ಮುಚ್ಚಿದ್ದೇವೆ. ಮಳೆಗಾಲಕ್ಕೆ ಮೊದಲು ಕೆರೆ ಖಾಲಿ ಮಾಡಿಸಿ."

ಗಲಗಲಿ ಕೆಟ್ಟ ಮನುಷ್ಯನಲ್ಲ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಬರದ ಸೀಮೆಯಾಗ ಇದ್ದ ಒಂದು ಕೆರಿ ಖಾಲಿ ಮಾಡ್ರಿ ಅಂತ ಯಾರಿಗೆ ಹೇಳೂದು ಕಸ್ತೂರಿ? ಕೊಳವಿ ಒಳಗ ಒತ್ತಡ ಏರಲಿ, ಆಮ್ಯಾಲ ನೋಡೂಣು."

ಕಸ್ತೂರಿ ಹಾಲಗೊಂಡಿಗೆ ಮರಳಿದಳು. ಶ್ರಾವಣದಲ್ಲಿ ಒತ್ತಡ ಏರಿತು. ಆ ವರ್ಷ ಮಳೆ ಗುಡ್ಡಗಳ ಮೇಲೆ ಬಿಡದೆ ಹಿಡಿಯಿತು. ಕೆರೆ ತುಂಬುತ್ತ ಹೋದಂತೆ ಪರದೆಯ ಮೇಲೆ ನೀಲಿ ಬಣ್ಣ ಏರಿಯ ನಡುವನ್ನು ದಾಟಿ ಹಿಂಬದಿಗೆ ಬಂತು. ಈ ಸಲ ಅದು ಬುಡಕ್ಕೆ ಇಳಿಯಲಿಲ್ಲ, ನಡುಮಟ್ಟದಲ್ಲೇ ಅಡ್ಡಲಾಗಿ ಹಬ್ಬಿತು. ಹೊರಗೆ ಹೋಗಿ ನೋಡಿದರೆ ಏರಿಯ ಹಿಂಬದಿ, ಆಳೆತ್ತರದಲ್ಲಿ, ಬೆವರಿದಂತೆ ಒದ್ದೆಯಾಗಿತ್ತು. ಅದರ ಕೆಳಗೆ ಹುಲ್ಲಿನ ಮೈ ಬಸುರಿಯ ಹೊಟ್ಟೆಯಂತೆ ಮುಂದೆ ಬಂದಿತ್ತು. ಮೆಟ್ಟಿದರೆ ಕಾಲಡಿಯಲ್ಲಿ ತೊಟ್ಟಿಲಿನ ಹಾಗೆ ತೂಗುತ್ತಿತ್ತು.

ಶಿವಯೋಗಿ ಮೇಲಿನವರಿಗೆ ಫೋನ್ ಮಾಡಿದ. ತಂಡ ಬರುತ್ತದೆ, ಕಾಯಿರಿ ಎಂದರು. ಅವನು ಕಾಯಲಿಲ್ಲ. ತೂಬನ್ನು ಪೂರ್ತಿ ತೆಗೆದ. ಮಸೀದಿಯ ಮೈಕಿನಲ್ಲೂ ಹನುಮಪ್ಪನ ಗುಡಿಯ ಮೈಕಿನಲ್ಲೂ ಊರು ಬಿಡಲು ಹೇಳಿಸಿದ. ಆದರೆ ಆ ಹಳೆಯ ತೂಬಿನಿಂದ ಕೆರೆ ಇಳಿಯಬೇಕಾದರೆ ಬಹಳ ದಿನ ಬೇಕಿತ್ತು. ಇಳಿಯುವುದಕ್ಕಿಂತ ಬೇಗ ಮಳೆ ಅದನ್ನು ತುಂಬುತ್ತಿತ್ತು.

ಕಸ್ತೂರಿ ಏರಿಯಿಂದ ರಾಜೇಸಾಬನ ಮನೆಗೆ ಓಡಿ ಬಂದಾಗ ದಾವಲಬಿ ಜೋಳದ ಚೀಲವನ್ನು ಟ್ರ್ಯಾಕ್ಟರಿಗೆ ಏರಿಸುತ್ತಿದ್ದಳು. ಊರಿನ ಎದುರಿನ ಮರಡಿಯ ಮೇಲಿನ ಶಾಲೆಗೆ ಜನ ಹೋಗುತ್ತಿದ್ದರು. ಮುದುಕರು, ದನಗಳು, ಹಾಸಿಗೆ ಸುರುಳಿಗಳು. ಎಲ್ಲರೂ ಹೋಗಿ ಮುಟ್ಟಲು ಸಂಜೆಯಾಗುತ್ತಿತ್ತು. ಸಂಜೆಯವರೆಗೆ ಏರಿ ತಡೆಯುವುದೋ ಇಲ್ಲವೋ.

"ಏನೂ ಮಾಡಾಕ ಬರಂಗಿಲ್ಲೇನ್ರಿ?" ಎಂದು ರಾಜೇಸಾಬ ಕೇಳಿದ.

ಕಸ್ತೂರಿ ಹೇಳದೆ ಇರಬಹುದಿತ್ತು. ಹೇಳಿದಳು. "ಬಸಿಗಾಲುವಿ ಬಾಯಿಗೆ ಕಲ್ಲಿನ ಬಿಲ್ಲಿ ಕಟ್ಟೈತಿ. ಅದನ್ನ ಒಡದ್ರ ಒಳಗಿನ ನೀರು ಇಳೀತೈತಿ, ಏರಿ ಉಳಿಬಹುದು. ಆದ್ರ ತುಂಬಿದ ಡ್ಯಾಮಿನ ಬುಡ ಅಗಿಯೂದು ಅಂದ್ರ ಸಾವು ಅಣ್ಣಾರ. ಬಿಲ್ಲಿ ಒಮ್ಮೆಲೆ ಕಿತ್ತು ಬಂದ್ರ ಎದುರಿಗೆ ಇದ್ದಾವ್ರು ಉಳ್ಯಾಂಗಿಲ್ಲ."

"ಮಷೀನ್ ತರಸ್ರಲ್ಲ," ಎಂದಳು ದಾವಲಬಿ.

"ಅಷ್ಟು ತೂಕ ಆ ನೆಲ ತಡ್ಯಾಂಗಿಲ್ಲ ವೈನಿ. ಅದರ ನಡುಕಕ್ಕ ಏರಿ ಜರೀತೈತಿ. ಕೈಲೇ ಆಗಬೇಕು."

ರಾಜೇಸಾಬ ದನದ ಕೊಟ್ಟಿಗೆಗೆ ಹೋಗಿ ಹಾರೆ ತಂದ. ದಾವಲಬಿ ಟ್ರ್ಯಾಕ್ಟರಿನಿಂದ ಇಳಿದು ಅವನ ಎದುರಿಗೆ ನಿಂತಳು.

"ಉಳದ ಬಳ್ಳಿ ನಾಕು ಸಾಲು. ಅದಕ್ಕ ಹೊಂಟೀರೇನು?"

"ಬಳ್ಳಿ ಹೋಗ್ಲಿ ಬಿಡು." ಅವನು ಮರಡಿಯ ಕಡೆಗೆ ಸಾಲಾಗಿ ಹೋಗುತ್ತಿದ್ದವರನ್ನು ನೋಡಿದ. "ಇನ್ನೂ ಅರ್ಧ ಊರು ಕೆಳಗ ಐತೆಲ್ಲ."

ಅವಳು ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ದಾರಿ ಬಿಟ್ಟಳು.

ಏರಿಯ ಬುಡದಲ್ಲಿ ಶಿವಯೋಗಿ ರಾಜೇಸಾಬನನ್ನೂ ಕಸ್ತೂರಿಯನ್ನೂ ತಡೆದ. ಮಳೆಯಲ್ಲಿ ಅವನ ಮುಖ ಸೀಸದ ಬಣ್ಣಕ್ಕೆ ತಿರುಗಿತ್ತು. "ನನಗ ಹೂಂ ಅನ್ನಾಕ ಬರಂಗಿಲ್ಲ ರಾಜೇಸಾಬ. ಯಾವ ನಿಯಮದಾಗೂ ಇದು ಕುಂದ್ರಂಗಿಲ್ಲ."

"ಬ್ಯಾಡ ಅಂತೀರೇನ್ರಿ?"

ಶಿವಯೋಗಿ ಉಬ್ಬಿದ ಏರಿಯನ್ನು ನೋಡಿದ, ಊರನ್ನು ನೋಡಿದ. "ಬ್ಯಾಡ ಅನ್ನಾಕೂ ಬಾಯಿ ಬರವಲ್ದು," ಎಂದು ಹೇಳಿ, ಕೊಳವೆಗಳನ್ನು ನೋಡಲು ತಗಡಿನ ಕೋಣೆಗೆ ಹತ್ತಿಹೋದ.

ಬಸಿಗಾಲುವೆಯ ಬಾಯಿ ರಾಜೇಸಾಬನ ತೋಟದ ತಲೆಯ ಬದಿಯಲ್ಲೇ ಇತ್ತು. ಮೇಲಿನ ಕೆಸರನ್ನು ಎಳೆದು ಹಾಕಿದಾಗ ಬಿಲ್ಲೆ ಕಂಡಿತು. ಗುಂಡುಕಲ್ಲುಗಳ ನಡುವೆ ಇದ್ದ ಗರಸು ಬೆಸೆದುಕೊಂಡು ಬೂದುಬಣ್ಣದ ಒಂದೇ ಹಾಸಾಗಿತ್ತು. ಹಾರೆ ಬಿದ್ದಾಗ ಗಂಟೆಯಂಥ ಸದ್ದು ಬಂತು. ರಾಜೇಸಾಬ ಹಾರೆ ಹಾಕುತ್ತಿದ್ದ. ಕಸ್ತೂರಿ ಒಡೆದ ಚೂರುಗಳನ್ನು ಎಳೆದು ಬದಿಗೆ ಹಾಕುತ್ತಿದ್ದಳು. ಒಡೆದ ಮೈ ಎಲ್ಲ ಕಡೆ ಒಂದೇ ಸಮ ಬಿಗಿಯಾಗಿತ್ತು, ಒಳಗೆ ಸಣ್ಣ ಹರಳುಗಳು ಮಿನುಗುತ್ತಿದ್ದವು. ಅವಳ ಬೆರಳು ಸೀಳಿ ರಕ್ತ ಬಂತು.

ಹಾರೆಯ ತುದಿ ಒಮ್ಮೆ ಒಳಗೆ ಸರಕ್ಕನೆ ಹೋಯಿತು. ಅವನು ಎಳೆದ. ತೂತಿನಿಂದ ನೀರು ಚಿಮ್ಮಿ ಅವನ ಎದೆಗೆ ಹೊಡೆಯಿತು. ರಾಜೇಸಾಬ ಹಿಂದೆ ಸರಿದು ನಿಂತು, ಬಹಳ ದಿನಗಳ ಮೇಲೆ ನಕ್ಕ.

"ಹಾದಿ ಸಿಕ್ತು ನೋಡ್ರಿ. ನೀವು ಮ್ಯಾಲ ಹೋಗಿ ಸಾಹೇಬರನ್ನ ಕೇಳ್ರಿ, ಒತ್ತಡ ಇಳದೈತೋ ಇಲ್ಲೋ. ಇಳದಿದ್ರ ಇಷ್ಟ ಸಾಕು. ಇಲ್ಲಂದ್ರ ಬಾಜೂಕ ಇನ್ನೊಂದು ಹೊಡೀತೇನಿ."

"ನೀವೂ ಬರ್ರಿ ಅಣ್ಣಾರ."

"ಬಾಯಿ ಮತ್ತ ಕಟ್ಟಿದ್ರ? ನೀವು ಹೋಗ್ರಿ."

ಅವಳು ಏರಿಯ ಪಕ್ಕದ ಮೆಟ್ಟಿಲು ಹತ್ತಿದಳು. ತಗಡಿನ ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಶಿವಯೋಗಿಯೇ ಹೊರಗೆ ಬಂದ. "ಇಳ್ಯಾಕತ್ತೈತಿ. ಬುಡದ ಕೊಳವಿ ಇಳ್ಯಾಕತ್ತೈತಿ," ಎಂದ. ಅವಳು ತಿರುಗಿ, ಅಣ್ಣಾರ, ಬಿಟ್ಟು ಬರ್ರಿ ಎಂದು ಕೂಗಬೇಕು. ಕೂಗು ಗಂಟಲಿನಲ್ಲಿರುವಾಗಲೇ ಕೆಳಗಿನಿಂದ ಬಂಡಿ ಮಗುಚಿದಂಥ ಶಬ್ದ ಕೇಳಿತು. ಬಿಲ್ಲೆ ಪೂರ್ತಿಯಾಗಿ ಕಿತ್ತು ಬಂದಿತ್ತು. ಕಲ್ಲು, ನೀರು, ಕೆಸರು ಒಂದೇ ಆಗಿ ತೋಟದ ಮೇಲೆ ಹಾದುಹೋಯಿತು. ಹಾರೆ ಹಿಡಿದು ನಿಂತಿದ್ದವನು ಇರಲಿಲ್ಲ.

ಏರಿ ಉಳಿಯಿತು. ನೀರು ಮಳೆಯಲ್ಲಿ ಸಂಜೆಯವರೆಗೂ ರಭಸವಾಗಿ ಹರಿದು, ಆಮೇಲೆ ಸಣ್ಣಗಾಗಿ, ಬಸಿಗಾಲುವೆಯ ಹಳೆಯ ದಾರಿಗೆ ಬಂತು. ಉಬ್ಬು ಇಳಿಯಿತು. ಹಾಲಗೊಂಡಿಯ ಒಂದು ಮನೆಯೂ ಬೀಳಲಿಲ್ಲ. ರಾಜೇಸಾಬ ಮರುದಿನ ತನ್ನ ತೋಟದ ಕೊನೆಯ ಸಾಲಿನಲ್ಲಿ, ಬಳ್ಳಿ ಹಬ್ಬಿಸಿದ ಚೊಗಚಿ ಗಿಡಗಳ ಬುಡದಲ್ಲಿ, ಎದೆಯವರೆಗೆ ಕೆಸರಲ್ಲಿ ಸಿಕ್ಕ. ಊರಿನ ಎಲ್ಲ ಜಾತಿಯವರೂ ಸಾಲಾಗಿ ನಿಂತು ಮಣ್ಣು ಕೊಟ್ಟರು. ಹೆಣ್ಣುಮಕ್ಕಳ ಗುಂಪಿನಲ್ಲಿ ಮಗಳ ಹೆಗಲು ಹಿಡಿದು ನಿಂತಿದ್ದ ದಾವಲಬಿ ಕಸ್ತೂರಿಯ ಕಡೆಗೆ ಒಮ್ಮೆಯೂ ನೋಡಲಿಲ್ಲ.

ವಿಚಾರಣೆ ಜಿಲ್ಲಾ ಕಚೇರಿಯಲ್ಲಿ ನಡೆಯಿತು. ಸಮಿತಿಯ ಕರಡು ವರದಿಯಲ್ಲಿ ಗಾರೆಹುಳ ತನ್ನ ಕೆಲಸ ಮಾಡಿದೆ, ಇನ್ನು ಮುಂದೆ ಬಸಿಗಾಲುವೆಗಳ ಮೇಲೆ ನಿಗಾ ಬೇಕು ಎಂದಿತ್ತು. ರಾಜೇಸಾಬನ ಬಗ್ಗೆ ಒಂದೇ ವಾಕ್ಯ: ತೋಟಕ್ಕೆ ನೀರು ಪಡೆಯಲು ಅಣೆಕಟ್ಟಿನ ಬುಡವನ್ನು ಅನುಮತಿಯಿಲ್ಲದೆ ಅಗೆಯುತ್ತಿದ್ದ ರೈತನೊಬ್ಬ ಮೃತಪಟ್ಟಿರುತ್ತಾನೆ.

ಅನುಮತಿ ಕೊಟ್ಟಿದ್ದಿರೇನು ಎಂದು ಶಿವಯೋಗಿಯನ್ನು ಕೇಳಿದರು. "ಕೊಟ್ಟಿಲ್ಲ," ಎಂದ. ಅದು ನಿಜವೇ. ಮುಂದೆ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹೊರಗೆ ಮೊಗಸಾಲೆಯಲ್ಲಿ ಗಲಗಲಿ ಕಸ್ತೂರಿಯ ಪಕ್ಕ ಕುಳಿತರು. "ನೀ ಏನ ಬರೀಬೇಕಂತೀಯೋ ಗೊತ್ತೈತಿ. ಬರದ್ರ ಈ ಕೆಲಸ ನಿಲ್ಲತೈತಿ. ನಲವತ್ತು ಡ್ಯಾಮಿನ ಕೆಳಗ ಮಂದಿ ಮಲಗ್ಯಾರ. ಅವರಿಗೆ ಕೊಡಾಕ ನಮ್ಮ ಹತ್ರ ಬ್ಯಾರೆ ಏನೈತಿ?"

ಕಸ್ತೂರಿ ಎದ್ದು ಒಳಗೆ ಹೋಗಿ ಬರೆದುಕೊಟ್ಟಳು. ಹುಳ ಸಾಯದೆ ಉಳಿದಿದ್ದನ್ನು ಬರೆದಳು. ಕೆರೆ ಖಾಲಿ ಮಾಡಲು ಮೊದಲೇ ಕೇಳಿದ್ದನ್ನು ಬರೆದಳು. ರಾಜೇಸಾಬ ನದಾಫ ನೀರು ಕದಿಯಲು ಅಗೆಯಲಿಲ್ಲ, ನನ್ನ ಮಾತಿನ ಮೇಲೆ ಊರನ್ನು ಉಳಿಸಲು ಅಗೆದ, ಅವನ ಸಾವಿಗೆ ನಾನು ಹೊಣೆ ಎಂದು ಬರೆದಳು.

ಕೆಲಸ ನಿಲ್ಲಲಿಲ್ಲ. ನಿಂತದ್ದು ಅವಳ ನೌಕರಿ. ಆ ವಾಕ್ಯವನ್ನು ಮಾತ್ರ ತಿದ್ದಿದರು. ಸಂಶೋಧಕಿಯೊಬ್ಬರ ತಪ್ಪು ಸೂಚನೆಯ ಮೇರೆಗೆ ಅಗೆಯುತ್ತಿದ್ದ ಕೂಲಿ ಎಂದು ಮಾಡಿದರು. ಪತ್ರಿಕೆಗಳಲ್ಲಿ ಹಾಗೆಯೇ ಬಂತು.

ಬನ್ನಿಹಬ್ಬ ಕಳೆದ ಮೇಲೆ ಕಸ್ತೂರಿ ಹಾಲಗೊಂಡಿಗೆ ಹೋದಳು. ದಾವಲಬಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಕೈಯಲ್ಲಿನ ಮೊರ ಕೆಳಗಿಡಲಿಲ್ಲ.

"ನೀವು ಬರದದ್ದು ಮಗಳು ಓದಿ ಹೇಳಿದ್ಳು," ಎಂದಳು.

"ಅಣ್ಣಾರ ಹೆಸರು ಕೆಡಬಾರದಂತ ಬರದೆ ವೈನಿ."

"ಹೆಸರು ಎಲ್ಲೈತ್ರಿ ಅದರಾಗ? ಮೊದಲ ಕಳ್ಳ ಅಂತ ಇತ್ತು, ಈಗ ಕೂಲಿ ಅಂತ ಐತಿ. ನೀವು ಹೇಳಿದ್ರಿ, ಅವ್ರು ಹ್ವಾದ್ರು, ಸತ್ರು. ಹಂಗ ಬರದ್ರಿ." ಅವಳು ಮೊರದೊಳಗಿನ ಹೊಟ್ಟನ್ನು ಕೇರಿ ಹಾರಿಸಿದಳು. "ನೀವು ಬ್ಯಾಡ ಅಂದಿದ್ರ ನಿಂದರತಿದ್ರೇನು ಅವ್ರು? ನಾ ಬ್ಯಾಡ ಅನ್ನಬೇಕಂತ ಬಾಯಿ ತೆಗದಿದ್ನಿ. ಮಾರಿ ನೋಡಿ ಹಾದಿ ಬಿಟ್ನಿ. ಎಲ್ಲಾ ಗೊತ್ತಿದ್ದು ಹೋದಾವ್ರು ಅವ್ರು. ಸಾವಿನ ಹೊಣಿ ನೀವ ಹೊತ್ಕೊಂಡ್ರ ಅವರದಂತ ಉಳದದ್ದೇನು?"

ಕಸ್ತೂರಿ ಕಟ್ಟೆಯ ತುದಿಯಲ್ಲಿ ಕುಳಿತಳು.

ಆಗ ಏರಿಯ ಕಡೆಯಿಂದ ಕಬ್ಬಿಣ ಕಲ್ಲಿಗೆ ಬೀಳುವ ಸದ್ದು ಕೇಳಿಸಿತು. ಕಸ್ತೂರಿ ಬೆಚ್ಚಿ ಆ ಕಡೆ ನೋಡಿದಳು.

"ಇವತ್ತ ಹಡಪದಾರ ಮನಿ ಪಾಳಿ," ಎಂದಳು ದಾವಲಬಿ.

ಹುಳಗಳು ಏರಿಯಲ್ಲೇ ಇದ್ದವು. ವಿಷ ಹಾಕಿದರೆ ಕೆರೆಯ ನೀರೆಲ್ಲ ಕೆಡುತ್ತಿತ್ತು. ಮೇಲಿನ ಹೊಲದವರಿಗೆ ಯೂರಿಯಾ ಹಾಕುವುದನ್ನು ಬಿಡಿರೆಂದು ಹೇಳಬಲ್ಲವರು ಯಾರು? ಬಸಿಗಾಲುವೆಯ ಬಾಯಿಗೆ ಬಿಲ್ಲೆ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಇಲಾಖೆ ಒಬ್ಬ ಆಳನ್ನೂ ಕೊಡಲಿಲ್ಲ. ಬಿಲ್ಲೆ ತೆಳುವಾಗಿರುವಾಗಲೇ ಒಡೆದರೆ ಅಪಾಯ ಕಡಿಮೆ. ಹಾಗಾಗಿ ಊರವರೇ ಪಾಳಿ ಮಾಡಿಕೊಂಡಿದ್ದರು. ಮನೆಗೊಬ್ಬರಂತೆ ಇಳಿದು, ಒಡೆದು, ನೀರು ಹರಿಯಿತೆಂದು ಕೂಗಿ ಹೇಳಿ ಬರಬೇಕು. ಕೂಗು ಕೇಳುವವರೆಗೆ ಕೆಳಕೇರಿಯಲ್ಲಿ ಯಾರೂ ಒಲೆ ಹಚ್ಚುತ್ತಿರಲಿಲ್ಲ, ಮಕ್ಕಳನ್ನು ಮಲಗಲು ಬಿಡುತ್ತಿರಲಿಲ್ಲ. ಹಬ್ಬ, ಮದುವೆ, ಬಾಣಂತನ ಯಾವುದಕ್ಕೂ ಪಾಳಿ ತಪ್ಪುವಂತಿರಲಿಲ್ಲ. ಕೂಲಿಗೆ ಹೋದವರು ಕೂಡ ತಮ್ಮ ಪಾಳಿಗೆ ಬಸ್ಸು ಹಿಡಿದು ಬರುತ್ತಿದ್ದರು.

"ನನಗೂ ಒಂದು ಪಾಳಿ ಕೊಡ್ರಿ," ಎಂದಳು ಕಸ್ತೂರಿ.

"ಪಾಳಿ ಮನಿಗೊಂದ್ರಿ ಅಕ್ಕಾರ. ಇಲ್ಲಿ ನಿಮಗ ಮನ್ಯೆಲ್ಲೈತಿ?"

ಕಸ್ತೂರಿ ಕಟ್ಟೆಯಿಂದ ಏಳಲಿಲ್ಲ. ದಾವಲಬಿ ಜೋಳವನ್ನು ಚೀಲಕ್ಕೆ ಸುರಿದು, ಬಾಯಿ ಕಟ್ಟಿ, ಒಳಗೆ ಹೋದಳು. ಹೊರಗೆ ಕತ್ತಲಾಗುತ್ತಿತ್ತು. ಬಸಿಗಾಲುವೆಯ ಕಡೆಯಿಂದ ಹಡಪದರ ಮನೆಯವನು ನೀರು ಬಂತೆಂದು ಕೂಗಿದ. ಕೇರಿಯಲ್ಲಿ ಒಂದೊಂದಾಗಿ ಒಲೆಗಳು ಹೊತ್ತಿಕೊಂಡವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು.

ದಾವಲಬಿ ಗಂಗಾಳದಲ್ಲಿ ರೊಟ್ಟಿ ತಂದು ಕಟ್ಟೆಯ ಮೇಲಿಟ್ಟಳು.

"ಈ ಮನಿಯಾಗ ನಾ ಒಬ್ಬಾಕಿ," ಎಂದಳು. "ಹ್ವಾದ ಪಾಳ್ಯಾಗ ನನ್ನ ಸೊಂಟ ಹಿಡದೈತಿ. ಇರೂದಾದ್ರ ಇರ್ರಿ. ಮುಂದಿನ ಪಾಳಿಗೆ ನೀವು ಇಳೀರಿ. ಸತ್ರ ಮಾತ್ರ ಯಾರ ಮ್ಯಾಲೂ ಬರದು ಹೋಗಬ್ಯಾಡ್ರಿ."

ಪಾಳಿ ಬಂದ ದಿನ ಮೋಡವಿತ್ತು, ಮಳೆ ಇರಲಿಲ್ಲ. ಕಸ್ತೂರಿ ಒಬ್ಬಳೇ ಏರಿಯ ಬುಡಕ್ಕೆ ಇಳಿದಳು. ಕೇರಿಯ ಜನ ಬಾಗಿಲುಗಳಲ್ಲಿ ನಿಂತಿದ್ದರು. ಬೂದುಬಣ್ಣದ ಹೊಸ ಬಿಲ್ಲೆ ಬೆರಳು ದಪ್ಪಕ್ಕೆ ಬೆಳೆದಿತ್ತು. ಅವಳು ಮೊದಲ ಏಟು ಹಾಕಿದಳು, ಹಾರೆ ಪುಟಿದು ಅಂಗೈ ಉರಿಯಿತು. ಎರಡನೆಯದಕ್ಕೂ ಅದು ಬಿರಿಯಲಿಲ್ಲ. ಒಳ್ಳೆಯ ಕಲ್ಲು. ಎಲ್ಲೂ ಒಂದು ಸಂದಿಲ್ಲ, ಒಂದು ಎಳೆ ಸಡಿಲವಿಲ್ಲ. ಇಷ್ಟು ಗಟ್ಟಿಯಾಗಿ ಬರಲಿ ಎಂದೇ ಅವಳು ಅಷ್ಟು ವರ್ಷ ಅದನ್ನು ಬೆಳೆಸಿದ್ದಳು. ಸೊಂಟ ಬಗ್ಗಿಸಿ, ಕಾಲು ಊರಿ, ಅವಳು ಮತ್ತೆ ಹಾರೆ ಎತ್ತಿದಳು.